ಹೂವಿಲ್ಲದ ವಸಂತ: ಗುವೊ ಶೀ ಚಿತ್ರದ ಒಂದು ಮುದ್ರಿತ ಪ್ರತಿ

ಚೀನಾದ ಸಾಂಗ್ ಅರಸರ ಆಸ್ಥಾನ ಚಿತ್ರಕಾರ ಗುವೊ ಶೀ 1072ರಲ್ಲಿ ಬರೆದ ‘ವಸಂತಾರಂಭ’ ಎಂಬ ನಿಸರ್ಗಚಿತ್ರದ ಮುದ್ರಿತ ಪ್ರತಿಯೊಂದನ್ನು ತರಿಸಿಕೊಂಡು, ಹಗಲು ಬೆಳಕಿನಲ್ಲೂ ದೀಪದ ಬೆಳಕಿನಲ್ಲೂ ನೋಡಿದ್ದೇನೆ. ರೇಷ್ಮೆಯ ಮೇಲೆ ಮಸಿ ಮತ್ತು ತೆಳುಬಣ್ಣದಲ್ಲಿ ರಚಿತವಾದ ಮೂಲಕೃತಿ ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಎತ್ತರ ಸುಮಾರು 158 ಸೆಂ.ಮೀ., ಅಗಲ 108 ಸೆಂ.ಮೀ. ನನ್ನ ಪ್ರತಿ ಅದರ ಅರ್ಧದಷ್ಟು ಎತ್ತರದ್ದು. ಕಾಗದ ದಪ್ಪವಾಗಿದೆ, ಹೊಳಪಿಲ್ಲ, ಮಡಿಕೆ ಬೀಳದಂತೆ ಕಳುಹಿಸಿದ್ದಾರೆ.

ಈ ಚಿತ್ರದಲ್ಲಿ ಹೂವಿನ ಸುಳಿವೇ ಇಲ್ಲ. ಏಡಿಯ ಉಗುರಿನಂತೆ ಬಾಗಿದ ಕೊಂಬೆಗಳು ಬಹುಮಟ್ಟಿಗೆ ಬೋಳಾಗಿಯೇ ಇವೆ. ಋತು ಬದಲಾಗುತ್ತಿದೆ ಎಂಬುದನ್ನು ತಿಳಿಸುವುದು ಕಣಿವೆಗಳಿಂದ ಮೇಲೇಳುವ ಮಂಜು ಮತ್ತು ಹೆಪ್ಪು ಕರಗಿ ಬಂಡೆಗಳ ನಡುವೆ ಇಳಿಯುವ ನೀರು. ಚೀನಾವನ್ನಾಳಿದ ಚಿಯೆನ್‌ಲುಂಗ್ ಚಕ್ರವರ್ತಿ 1759ರಲ್ಲಿ ಚಿತ್ರದ ಮೇಲೆಯೇ ಬರೆದ ಪದ್ಯವೂ (ಇನ್ನೊಬ್ಬರ ಕೃತಿಯ ಮೇಲೆ ಹೀಗೆ ಬರೆಯುವ ಸಲಿಗೆ ಅರಸರಿಗಷ್ಟೇ ಸಾಧ್ಯ!) ಇದನ್ನೇ ಹೇಳುತ್ತದೆ: ಪೀಚ್, ವಿಲೋ ಮರಗಳ ಅಲಂಕಾರ ಬೇಕಿಲ್ಲ, ಬೆಟ್ಟದಿಂದ ಏಳುವ ಹಬೆಯಲ್ಲೇ ವಸಂತ ಕಾಣುತ್ತದೆ. ಹಾಗಾಗಿ ಈ ಚಿತ್ರದ ಯಾವುದೇ ಪ್ರತಿಯನ್ನು ಅಳೆಯಬೇಕಾದದ್ದು ಕಪ್ಪು ಬಿಳುಪುಗಳ ನಡುವಿನ ಬೂದು ಛಾಯೆಗಳಿಂದ. ಎಡಗಡೆಯ ಕಣಿವೆ ದೂರ ಸರಿಯುತ್ತ ತಿಳಿಯಾಗುವ ಭಾಗದಲ್ಲಿ ಆ ಛಾಯೆಗಳು ಒಂದೊಂದಾಗಿ ಉಳಿದಿದ್ದು, ಗಾಳಿಯ ತೇವವೂ ಅನುಭವಕ್ಕೆ ಬರುತ್ತದೆ. ನಡುವಿನ ಬೆಟ್ಟದ ಬುಡದಲ್ಲಿ ಮಾತ್ರ ಮಸಿ ಗಟ್ಟಿಯಾಗಿ ಕೂತು, ಪೈನ್ ಕಾಂಡವೂ ಬಂಡೆಯೂ ಬೆರೆತುಹೋಗಿವೆ.

ಇದು ಸಣ್ಣ ಕೊರತೆಯಲ್ಲ. ಗುವೊ ಶೀಯ ಮಗ ಸಂಗ್ರಹಿಸಿದ ತಂದೆಯ ಮಾತುಗಳಲ್ಲಿ ಹಿರಿಯ ಬೆಟ್ಟವು ಸುತ್ತಲಿನ ಗುಡ್ಡಗಳಿಗೆ ಒಡೆಯ, ಸಿಂಹಾಸನದಲ್ಲಿ ಕೂತ ಅರಸನಂತೆ. ನೆಟ್ಟಗೆ ನಿಂತ ಪೈನ್ ಉಳಿದ ಮರಗಳಿಗೆ ಮುಂದಾಳು. ಬೆಟ್ಟದ ಬುಡದಲ್ಲಿ ಪೈನ್ ಬೇರೆಯಾಗಿ ಕಾಣದಿದ್ದರೆ ಈ ಸಾಂಕೇತಿಕ ಆಸ್ಥಾನದ ಅರ್ಧ ಸಭೆಯೇ ಮರೆಯಾದಂತೆ. ಕೆಳಗೆ ನೀರಿನ ದಡದಲ್ಲಿರುವ ಪುಟ್ಟ ಮನುಷ್ಯಾಕೃತಿಗಳನ್ನೂ ಭೂತಗನ್ನಡಿ ಹಿಡಿದೇ ಹುಡುಕಬೇಕಾಯಿತು. ಪರ್ವತದ ಮಹತ್ತು ತಿಳಿಯುವುದೇ ಅವರ ಕಿರಿದುತನದಿಂದ.

ಇನ್ನೊಂದು ಆಕ್ಷೇಪ ಬಣ್ಣದ್ದು. ಕಾಲದಿಂದ ಕಂದಿದ ರೇಷ್ಮೆಯ ಕಂದುಬಣ್ಣವನ್ನು ಮುದ್ರಕರು ಇನ್ನಷ್ಟು ಹಳದಿಗೆ ತಿರುಗಿಸಿರುವುದರಿಂದ, ದೀಪದ ಬೆಳಕಿನಲ್ಲಿ ಇಡೀ ದೃಶ್ಯ ಶರತ್ಕಾಲದ ಸಂಜೆಯಂತೆ ತೋರುತ್ತದೆ. ಹಗಲಿನಲ್ಲಿ ಈ ದೋಷ ಅಷ್ಟಾಗಿ ಕಾಡುವುದಿಲ್ಲ. ಕೊಳ್ಳುವವರು ಸಾಧ್ಯವಾದರೆ ಮೂಲದ ಅಳತೆಯ ಪ್ರತಿಯನ್ನೇ ಆರಿಸಿಕೊಂಡು, ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಗೋಡೆಗೆ ಹಾಕಬೇಕು. ಗಾಜಿನ ಚೌಕಟ್ಟು ಹಾಕಿಸಿದರೆ ಅದರ ಪ್ರತಿಫಲನದಲ್ಲಿ ಮಂಜಿನ ತೆಳುಛಾಯೆಗಳು ಮಾಯವಾಗುತ್ತವೆ.