ಮಡಚುವ ಮಾಂಸದ ಥರ್ಮಾಮೀಟರ್: ಕಾಡಿಗೆ ಒಯ್ದು ನೋಡಿದೆ

ಕಾಡಲ್ಲಿ ದಾರಿ ತಪ್ಪಿದರೆ ಸಣ್ಣ ಪ್ರಾಣಿಗಳನ್ನು ಹೇಗೆ ಹಸನು ಮಾಡಿ ಬೇಯಿಸಬೇಕು ಅಂತ ಕಲಿಸುವ ಎರಡು ದಿನದ ತರಬೇತಿಗೆ ಹೊರಟಿದ್ದೆ. ಅದಕ್ಕೇ ಅಂತ ಈ ಥರ್ಮಾಮೀಟರ್ ತಗೊಂಡೆ. "ದಾರಿ ತಪ್ಪಿದವನ ಜೇಬಲ್ಲಿ ಥರ್ಮಾಮೀಟರ್ ಇರುತ್ತಾ?" ಅಂತ ತಂಗಿ ನಕ್ಕಳು. ಕೇಳಿದ್ದು ಸರಿಯಾಗೇ ಇತ್ತು.

ಆದರೆ ಮೊದಲ ದಿನವೇ ಅದು ನನ್ನ ಜಂಬ ಇಳಿಸಿತು. ಅಭ್ಯಾಸಕ್ಕೆ ಸಾಕಿದ ಮೊಲ ಕೊಟ್ಟಿದ್ದರು. ಕೋಲಿಗೆ ಸಿಕ್ಕಿಸಿ ಕೆಂಡದ ಮೇಲೆ ತಿರುಗಿಸಿ ತಿರುಗಿಸಿ ಸುಟ್ಟೆ. ಮೇಲೆಲ್ಲ ಕಂದು ಬಣ್ಣ, ಅಲ್ಲಲ್ಲಿ ಕರಕಲು, ಘಮ ಬೇರೆ. ಬೆಂದಿದೆ ಅಂತ ಆಣೆ ಮಾಡುತ್ತಿದ್ದೆ. ತೊಡೆಯ ದಪ್ಪ ಭಾಗಕ್ಕೆ ಚುಚ್ಚಿದರೆ 58 ಡಿಗ್ರಿ! ಬೇಕಾದದ್ದು 74. ಮತ್ತೆ ಕೆಂಡದ ಮೇಲಿಟ್ಟೆ. ಚುಚ್ಚುವ ಮುಳ್ಳು ಸಪೂರ ಇರುವುದರಿಂದ ಇಷ್ಟು ಸಣ್ಣ ಮಾಂಸಕ್ಕೂ ಸರಿಹೋಗುತ್ತದೆ. ಮೂಳೆಗೆ ತಾಗಿಸಬೇಡಿ ಅಷ್ಟೇ, ಅಂಕಿ ತಪ್ಪು ತೋರಿಸುತ್ತದೆ. ಐಸ್ ನೀರಲ್ಲಿ ಅದ್ದಿ ನೋಡಿದೆ, ಸೊನ್ನೆಗೆ ಸರಿಯಾಗಿ ನಿಂತಿತು.

ಇನ್ನು ದೂರು. ಬಟನ್ ಉಗುರಿನಷ್ಟು ಚಿಕ್ಕದು. ಗ್ಲೌಸ್ ಹಾಕಿಕೊಂಡು ಒತ್ತಲು ಆಗುವುದೇ ಇಲ್ಲ. ಗ್ಲೌಸ್ ತೆಗೆಯೋಣ ಅಂದ್ರೆ ಅದೇ ಅಪಾಯ. ಕಾಡುಮೊಲಕ್ಕೆ ಟುಲರೀಮಿಯಾ ಅನ್ನುವ ರೋಗ ಇದ್ದರೆ, ಚರ್ಮ ಸುಲಿಯುವಾಗಲೇ ಕೈಮೇಲಿನ ಗಾಯದ ಮೂಲಕ ನಮಗೆ ಅಂಟಬಹುದು. ಒಲೆ ಹಚ್ಚುವ ಮೊದಲೇ ಕಥೆ ಮುಗಿದಿರುತ್ತದೆ, ಅಲ್ವಾ? ಮುಳ್ಳು ಮಡಚುವ ಕೀಲು ಇನ್ನೂ ಕೆಟ್ಟದು. ಹಸಿ ಮಾಂಸದ ರಸ, ಜಿಡ್ಡು ಅಲ್ಲೇ ಹೋಗಿ ಕೂರುತ್ತದೆ. ನೀರಲ್ಲಿ ಮುಳುಗಿಸಿ ತೊಳೆಯುವ ಹಾಗಿಲ್ಲ. ನಾನು ಪ್ರತಿ ಸಲ ಮುಳ್ಳಿನ ತುದಿಯನ್ನು ಕುದಿಯುವ ನೀರಿಗೆ ಅದ್ದುತ್ತಿದ್ದೆ, ಕೀಲಿನ ಸಂದಿಯನ್ನು ಕಡ್ಡಿಯಿಂದ ಕೆರೆಯುತ್ತಿದ್ದೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಇದು ಹೇಳುವುದೂ ಇಲ್ಲ. ಹೊಟ್ಟೆ ಸೀಳಿದ ಕೂಡಲೇ ಲಿವರ್ ನೋಡಬೇಕು. ಕಡುಗೆಂಪಾಗಿ, ನುಣ್ಣಗೆ ಇದ್ದರೆ ಸರಿ. ಬಿಳಿ ಚುಕ್ಕೆಗಳಿದ್ದರೆ ಲಿವರ್ ಮಾತ್ರ ಅಲ್ಲ, ಇಡೀ ಪ್ರಾಣಿಯನ್ನೇ ಬಿಸಾಡಿ ಅಂತ ಕಲಿಸಿದರು. ಹಿಡಿಯುವಾಗಲೇ ಮಂಕಾಗಿ, ಓಡದೆ ಕೂತಿದ್ದ ಮೊಲವಾದರೆ ಮುಟ್ಟಲೂ ಬೇಡ. ಕರುಳು, ಮೂತ್ರದ ಚೀಲ ಒಡೆಯದ ಹಾಗೆ ತೆಗೆಯಬೇಕು. ಇದಕ್ಕೆಲ್ಲ ಕಣ್ಣು, ಕೈ ಬೇಕು, ಬ್ಯಾಟರಿ ಅಲ್ಲ.

ಎರಡನೇ ದಿನ ಮುಚ್ಚಳದ ಪಾತ್ರೆ ಸಿಕ್ಕಿತು. ಮಾಂಸವನ್ನು ಸಣ್ಣ ತುಂಡು ಮಾಡಿ ಮೂಳೆ ಬಿಡುವವರೆಗೂ ಕುದಿಸಿದೆವು. ಎರಡು ಸಾವಿರ ಮೀಟರ್ ಎತ್ತರದಲ್ಲೂ ನೀರು ಸುಮಾರು 93 ಡಿಗ್ರಿಗೆ ಕುದಿಯುತ್ತದೆ, ಬೇಕಾದ 74ಕ್ಕಿಂತ ಮೇಲೆಯೇ; ಸಮಯ ಮಾತ್ರ ಜಾಸ್ತಿ ಕೊಡಬೇಕು. ಮೊಲದಲ್ಲಿ ಮೊದಲೇ ಕೊಬ್ಬು ಕಮ್ಮಿ. ಸುಟ್ಟರೆ ಇದ್ದದ್ದೂ ಬೆಂಕಿಗೆ ಸೋರುತ್ತದೆ, ಕುದಿಸಿದರೆ ಸಾರಲ್ಲೇ ಉಳಿಯುತ್ತದೆ. ಅವತ್ತು ಥರ್ಮಾಮೀಟರ್ ಜೇಬಿಂದ ಹೊರಗೇ ಬರಲಿಲ್ಲ.

ಐದಕ್ಕೆ ಮೂರು ಸ್ಟಾರ್. ಕೀಲು ಸರಿಯಿದ್ದಿದ್ದರೆ ನಾಲ್ಕು ಕೊಡುತ್ತಿದ್ದೆ. ಸದ್ಯಕ್ಕೆ ಅದು ತಂಗಿಯ ಅಡುಗೆಮನೆಯಲ್ಲಿದೆ, ಕೇಳಿದರೂ ವಾಪಸ್ ಕೊಡುತ್ತಿಲ್ಲ.