ಆ್ಯಪ್, ಕೋಚ್, ಎಕ್ಸೆಲ್ ಎಲ್ಲ ಆಯ್ತು, ಕೊನೆಗೆ ಉಳಿದಿದ್ದು ಲಾಂಗ್ ನೋಟ್‌ಬುಕ್

ಮೊದಲೇ ಹೇಳಿಬಿಡುತ್ತೇನೆ, ಓದು, ಕೆಲಸದ ಪ್ಲ್ಯಾನ್ ಬರೆದಿಡುವ ವಿಷಯದಲ್ಲಿ ನನ್ನ ವೋಟು 80 ರೂಪಾಯಿಯ ಲಾಂಗ್ ನೋಟ್‌ಬುಕ್ಕಿಗೆ. ಇದು ತಲೆಗೆ ಹೋಗುವಷ್ಟರಲ್ಲಿ 8,000 ರೂಪಾಯಿ ಮತ್ತು ಒಂದು ಪರೀಕ್ಷೆ ಕೈಬಿಟ್ಟವು.

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಅಕೌಂಟ್ಸ್ ಅಸಿಸ್ಟೆಂಟ್. ಸಿಎಂಎ ಇಂಟರ್ (ಕಾಸ್ಟ್ ಅಕೌಂಟೆಂಟ್ ಕೋರ್ಸಿನ ಎರಡನೇ ಹಂತ) ಮುಗಿಸಿ ಕಾಸ್ಟಿಂಗ್, ಅಂದರೆ ತಯಾರಿಕೆಯ ಖರ್ಚು ಲೆಕ್ಕ ಹಾಕುವ ಕೆಲಸದ ಕಡೆ ಹೋಗಬೇಕು ಅಂತ ಆಸೆ. ಎರಡು ಗ್ರೂಪ್, ಎಂಟು ಪೇಪರ್. ಒಂದೊಂದರಲ್ಲೂ 40 ಬರಬೇಕು, ಗ್ರೂಪಿನ ಒಟ್ಟು ಲೆಕ್ಕದಲ್ಲಿ ಶೇ. 50 ಆಗಬೇಕು. ಪರೀಕ್ಷೆ ವರ್ಷಕ್ಕೆ ಎರಡೇ ಸಲ, ಜೂನ್ ಮತ್ತು ಡಿಸೆಂಬರ್. ಕೆಲಸ ಮಾಡಿಕೊಂಡು ಓದುವವರಿಗೆ ಪ್ಲ್ಯಾನ್ ಇಲ್ಲದೆ ಆಗುವ ಮಾತಲ್ಲ.

ಮೊದಲು ಕೊಂಡಿದ್ದು ಒಂದು ಪ್ಲ್ಯಾನರ್ ಆ್ಯಪ್, ವರ್ಷಕ್ಕೆ 2,000. ಬಣ್ಣ, ಐಕಾನು, ಗ್ರಾಫು, ಎಲ್ಲ ಚೆನ್ನಾಗಿತ್ತು. ಎರಡು ಭಾನುವಾರ ಅದನ್ನು ಸಿಂಗಾರ ಮಾಡುವುದರಲ್ಲೇ ಕಳೆದೆ, ಓದಿದ್ದು ಸೊನ್ನೆ.

ತೊಂದರೆ ಇದ್ದಿದ್ದು 'ಈ ವಾರ' ಅನ್ನುವ ಪುಟದಲ್ಲಿ. ಅಲ್ಲಿ ಈ ವಾರದ ದಿನಾಂಕ ಇರುವ ಕೆಲಸ ಮಾತ್ರ ಕಾಣುತ್ತದೆ. ಭಾನುವಾರದೊಳಗೆ ಟಿಕ್ ಹಾಕದಿದ್ದರೆ ಸೋಮವಾರ ಅದು ಎಲ್ಲೋ ಒಳಗಿನ 'ಬಾಕಿ' ಪುಟಕ್ಕೆ ಹೋಗಿ ಕೂರುತ್ತದೆ, ನಾವೇ ಹುಡುಕಿಕೊಂಡು ಹೋಗಬೇಕು. ಪರೀಕ್ಷೆ ಫಾರ್ಮ್ ತುಂಬುವುದನ್ನು ಒಂದು ಶನಿವಾರಕ್ಕೆ ಹಾಕಿದ್ದೆ. ಆ ವಾರ 20ನೇ ತಾರೀಕಿನೊಳಗೆ ಜಿಎಸ್‌ಟಿ 3ಬಿ, ಅಂದರೆ ತಿಂಗಳ ತೆರಿಗೆ ರಿಟರ್ನ್, ಹಾಕುವ ಗಡಿಬಿಡಿ, ರಾತ್ರಿ ಒಂಬತ್ತರವರೆಗೆ ಆಫೀಸು. ಸೋಮವಾರ ತೆಗೆದು ನೋಡಿದರೆ ಪುಟ ತೊಳೆದಿಟ್ಟ ಹಾಗೆ ಖಾಲಿ. ಪರವಾಗಿಲ್ವೇ, ಎಲ್ಲ ಮುಗಿಸಿದ್ದೀನಿ ಅಂದುಕೊಂಡೆ! ನೆನಪಾಗುವಷ್ಟರಲ್ಲಿ ದಂಡ ಕಟ್ಟಿ ಫಾರ್ಮ್ ತುಂಬುವ ದಿನಾಂಕವೂ ದಾಟಿತ್ತು. ಜೂನ್ ಹೋಯಿತು, ಆರು ತಿಂಗಳು ಹೋಯಿತು.

ಆ್ಯಪ್ ಕಂಪನಿಯವರಿಗೆ ಬರೆದೆ. ಇದು ದೋಷ ಅಲ್ಲ, ಬಳಸುವವರ ಮನಸ್ಸು ಹಗುರವಾಗಿರಲಿ ಅಂತ ಹೀಗೆ ಮಾಡಿದ್ದೇವೆ ಅಂತ ಉತ್ತರ ಬಂತು. ಮನಸ್ಸೇನೋ ಹಗುರವಾಗಿಯೇ ಇತ್ತು.

ಆಮೇಲೆ ಕೆರಿಯರ್ ಕೋಚ್. ಮೂರು ಸೆಷನ್, 6,000. ಕೊಟ್ಟಿದ್ದು ಎಲ್ಲರಿಗೂ ಕೊಡುವ ಪಿಡಿಎಫ್, ಅದರ ತುಂಬ ಸ್ಮಾರ್ಟ್ (SMART, ಗುರಿ ಹೇಗಿರಬೇಕು ಅಂತ ಅಕ್ಷರಕ್ಕೊಂದು ನಿಯಮ ಹೇಳುವ ಸೂತ್ರ) ಗುರಿಗಳ ಪಾಠ. ಆದರೆ ಒಂದು ಕೆಲಸ ಮಾಡಿಸಿದರು: ಬೇಕಾದ ಹುದ್ದೆಯ ಐದು ಜಾಹೀರಾತು ತೆಗೆದು, ನನಗೆ ಬಾರದ್ದಕ್ಕೆ ಗೆರೆ ಎಳೆಯುವುದು. ಐದರಲ್ಲಿ ನಾಲ್ಕು ಕಡೆ, ಕಂಪನಿಗಳ ಲೆಕ್ಕಪತ್ರದ ಸಾಫ್ಟ್‌ವೇರ್ ಆದ ಎಸ್‌ಎಪಿ ಕೇಳಿದ್ದರು. ಇದನ್ನು ನೀವು ಮನೆಯಲ್ಲೇ ಪುಕ್ಕಟೆ ಮಾಡಬಹುದು.

ಎಕ್ಸೆಲ್ ಒಳ್ಳೆಯದೇ. ದಿನವಿಡೀ ಆಫೀಸಿನಲ್ಲಿ ಅದನ್ನೇ ನೋಡಿ ಮನೆಗೆ ಬಂದವನಿಗೆ ಮತ್ತೆ ತೆರೆಯಲು ಕೈ ಬರಲಿಲ್ಲ, ಅಷ್ಟೇ.

ಈಗ ನೋಟ್‌ಬುಕ್. ಎಡಪುಟದಲ್ಲಿ ಕೆಲಸ ಮತ್ತು ಓದು, ಬಲಪುಟದಲ್ಲಿ ನನ್ನದು: ಇಂಗ್ಲಿಷ್ ಮಾತಾಡುವುದು, ನಿದ್ದೆ, ವಾಕಿಂಗ್. ಭಾನುವಾರ ಸಂಜೆ, ಆಗದೆ ಉಳಿದಿದ್ದನ್ನು ಹೊಸ ಪುಟಕ್ಕೆ ಕೈಯಲ್ಲೇ ಮತ್ತೆ ಬರೆಯಬೇಕು. 'ಪವರ್ ಬಿಐ ಕಲಿಯುವುದು' (ಅಂಕಿಅಂಶಗಳಿಂದ ಚಾರ್ಟ್ ಮಾಡುವ ಸಾಫ್ಟ್‌ವೇರ್ ಅದು) ಅಂತ ನಾಲ್ಕನೇ ವಾರವೂ ಬರೆಯುವಾಗ ನನಗೇ ನಾಚಿಕೆಯಾಯಿತು. ಯೋಚಿಸಿದರೆ, ಆ ಐದು ಜಾಹೀರಾತಿನಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ, ಯಾರೋ ಹೇಳಿದರು ಅಂತ ಸುಮ್ನೆ ಸೇರಿಸಿಕೊಂಡಿದ್ದೆ. ಹೊಡೆದು ಹಾಕಿದೆ.

ಪಿಡಿಎಫ್‌ನಿಂದ ಒಂದನ್ನು ಮಾತ್ರ ಉಳಿಸಿಕೊಂಡೆ, ಅದೂ ತಿದ್ದಿ. 1981ರಲ್ಲಿ ಜಾರ್ಜ್ ಡೋರನ್ ಅನ್ನುವವರು ಸ್ಮಾರ್ಟ್ ಸೂತ್ರ ಬರೆದಾಗ 'ಎ' ಅಂದರೆ ಈಗ ಹೇಳುವ ಹಾಗೆ 'ಸಾಧಿಸಬಹುದಾದ್ದು' ಅಂತ ಇರಲಿಲ್ಲ, ಯಾರು ಮಾಡಬೇಕು ಅನ್ನುವುದಿತ್ತು. ಹಾಗಾಗಿ ಪ್ರತಿ ಸಾಲಿನ ಮುಂದೆ ಅದು ಯಾರ ಕೈಯಲ್ಲಿದೆ ಅಂತ ಬರೆಯುತ್ತೇನೆ. 'ಕಾಸ್ಟ್ ಶೀಟ್ ಮಾಡಲು ಕಲಿಯುವುದು' ನನ್ನ ಕೈಯಲ್ಲಿ ಇರಲೇ ಇಲ್ಲ, ಮ್ಯಾನೇಜರ್ ಫೈಲ್ ಕೊಡಬೇಕಿತ್ತು. ಕೇಳಿದೆ, ಕೊಟ್ಟರು.

ನೋಟ್‌ಬುಕ್ ನೆನಪಿಸುವುದಿಲ್ಲ, ಅದೊಂದು ಕೊರತೆ. ಮೀಟಿಂಗು, ತಂಡ ಅಂತ ಜಾಸ್ತಿ ಇರುವವರು ಎಕ್ಸೆಲ್ ಹಿಡಿಯಿರಿ. ನಾನು ಡಿಸೆಂಬರ್ ಫಾರ್ಮಿನ ಕೊನೆಯ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಟ್ಟೆ. ತುಂಬಿದ್ಯೇನೋ ಅಂತ ಅಮ್ಮ ಮೂರು ಸಲ ಕೇಳಿದರು.