ಮತ್ತೆ ಮತ್ತೆ ಹೊತ್ತುವ ಇಂಜಿನ್ ದೀಪ: ಸ್ಕ್ಯಾನರ್ ಕೊಳ್ಳೋದಾ, ಗ್ಯಾರೇಜಿಗೆ ಬಿಡೋದಾ?

ಮೈಸೂರಿನಲ್ಲಿ ಹಳೆ ಪೋರ್ಷೆ ಬಾಕ್ಸ್‌ಟರ್ ಕಾರು ಓಡಿಸುವ ನಿಮಗೆ ಖರ್ಚಿನ ಮಟ್ಟಿಗೆ ಬ್ಲೂಟೂತ್ ಓಬಿಡಿ ಸ್ಕ್ಯಾನರ್ರೇ (ಕಾರಿಗೆ ಸಿಕ್ಕಿಸಿದರೆ ಅದರ ದೋಷದ ಕೋಡ್‌ಗಳನ್ನು ಫೋನಿನಲ್ಲಿ ತೋರಿಸುವ ಸಾಧನ) ಅಗ್ಗ. ಗ್ಯಾರೇಜಿನಲ್ಲಿ ಪ್ರತಿ ಸಲವೂ ದುಡ್ಡು.

ಆದರೆ ಕೋಡ್ ಬರೀ ಸುಳಿವು, ಅಲ್ವಾ? ಪಿ0171 ಅಂದರೆ ಇಂಜಿನ್ನಿನ ಒಂದು ಬದಿಯಲ್ಲಿ ಪೆಟ್ರೋಲಿನ ಅಳತೆಗೆ ಇರಬೇಕಾದ್ದಕ್ಕಿಂತ ಗಾಳಿ ಜಾಸ್ತಿಯಾಗಿದೆ. ಜೊತೆಗೆ ಪಿ0174 ಕೂಡ ಬಂದರೆ ಎರಡೂ ಬದಿಗೆ ಸೇರಿದ ತೊಂದರೆ: ಕೊಳೆಯಾದ ಏರ್‌ಫ್ಲೋ ಸೆನ್ಸರ್ (ಒಳಬರುವ ಗಾಳಿ ಅಳೆಯುವುದು), ಸೋತ ಪೆಟ್ರೋಲ್ ಪಂಪ್, ಇಲ್ಲವೇ ಬಿರುಕು ಬಿಟ್ಟ ಗಾಳಿ ಪೈಪ್ ಇರಬಹುದು. ಬಿರುಕು ಹುಡುಕಲು ಗ್ಯಾರೇಜಿನ ಸ್ಮೋಕ್ ಟೆಸ್ಟ್ (ಹೊಗೆ ಬಿಟ್ಟು ಸೋರುವ ಜಾಗ ನೋಡುವುದು) ಒಳ್ಳೆಯದು. ಸುಮ್ನೆ ಸೆನ್ಸರ್ ಬದಲಿಸಬೇಡಿ.

ಚಾಮುಂಡಿ ಬೆಟ್ಟ ಹತ್ತುವಾಗ ಮಾತ್ರ ದೀಪ ಬರುತ್ತದೆಯೇ? ಆಗ ಸ್ಕ್ಯಾನರ್ ಮೇಲು. ಕೋಡ್ ಅಳಿಸುವ ಮೊದಲು, ಕೋಡ್ ಬಂದ ಕ್ಷಣದಲ್ಲಿ ಕಾರು ದಾಖಲಿಸಿದ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಅದೇ ಕೋಡ್ ಮರಳಿ ಬಂದರೆ ಆ ಚೀಟಿ ಹಿಡಿದು ಗ್ಯಾರೇಜಿಗೆ ಹೋಗಿ.

ದೀಪ ಮಿಣುಕುತ್ತಿದ್ದರೆ ಮಾತ್ರ ಓಡಿಸಲೇಬೇಡಿ. ಅದು ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು), ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾದೀತು.